ಅಧ್ಯಕ್ಷೆ ನಾನು, ಡೋಂಗಲ್ ಯಾರ ಹತ್ತಿರ?

ಮೀಸಲಾತಿಯಲ್ಲಿ ಗೆದ್ದ ಹೆಂಗಸರಿಗೆ ನಿಜವಾಗಲೂ ಅಧಿಕಾರ ಇರುತ್ತಾ, ಇಲ್ಲ ಗಂಡನೇ ಎಲ್ಲ ನಡೆಸೋದಾ, ಅವರು ಯಾವ ಕೆಲಸ ಮೊದಲು ಮಾಡ್ತಾರೆ ಅಂತ ಕೇಳಿದ್ದೀರಿ. ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಅದರಲ್ಲಿ ಎರಡೂವರೆ ವರ್ಷ ಅಧ್ಯಕ್ಷೆ.

ಮೊದಲ ಆರು ತಿಂಗಳು ನೀವು ಅಂದುಕೊಂಡ ಹಾಗೇ ಇತ್ತು. ಸುಳ್ಳು ಯಾಕೆ ಹೇಳಲಿ? ಅರ್ಜಿ ತಂದವರು ನನ್ನನ್ನು ದಾಟಿಕೊಂಡು ಹೋಗಿ ನಮ್ಮ ಯಜಮಾನರ ಕೈಗೆ ಕೊಡುತ್ತಿದ್ದರು. ನಾನು ಕಾಫಿ ಕೊಡುತ್ತಿದ್ದೆ. ಬಿಲ್ ಪಾಸಾಗಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು. ಅದಕ್ಕೊಂದು ಡೋಂಗಲ್, ಪೆನ್‌ಡ್ರೈವ್ ಥರದ್ದು. ನನ್ನದು ಆಫೀಸಿನ ಕಂಪ್ಯೂಟರ್ ಟೇಬಲಿನ ಡ್ರಾಯರಿನಲ್ಲೇ ಇರುತ್ತಿತ್ತು. ಪಾಸ್‌ವರ್ಡ್ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಒಂದು ಗ್ರಾಮಸಭೆಯಲ್ಲಿ ಅಜ್ಜಿಯೊಬ್ಬರು ಎದ್ದು ನಿಂತು, "ನಮ್ಮ ಕೇರಿ ಚರಂಡಿಗೆ ದುಡ್ಡು ಎತ್ತಿದ್ದೀಯಲ್ಲವ್ವಾ, ಚರಂಡಿ ಎಲ್ಲಿ?" ಎಂದರು. ಆ ಬಿಲ್ ಪಾಸಾಗಿದ್ದೇ ನನಗೆ ಗೊತ್ತಿರಲಿಲ್ಲ. ಸಹಿ ಮಾತ್ರ ನನ್ನದೇ. ಅವತ್ತು ಸಂಜೆ ಡೋಂಗಲ್ ಮನೆಗೆ ತಂದು ಬೀರುವಿನ ಕೀ ಗೊಂಚಲಿಗೆ ಸಿಕ್ಕಿಸಿದೆ. ಪಾಸ್‌ವರ್ಡ್ ಬದಲಾಯಿಸಿದೆ. ಮನೆಯಲ್ಲಿ ಒಂದು ವಾರ ಮಾತಿಲ್ಲ, ಕಥೆಯಿಲ್ಲ.

ಇನ್ನು ಯಾವ ಕೆಲಸ ಮೊದಲು ಅನ್ನೋದು. ಅದನ್ನು ನಾನು ಕೂತು ಯೋಚನೆ ಮಾಡಿ ಆರಿಸಿಕೊಂಡದ್ದಲ್ಲ. ಗಂಡಸರು ಆಫೀಸಿಗೆ ಬಂದು ರಸ್ತೆ, ಸಮುದಾಯ ಭವನ ಕೇಳುತ್ತಿದ್ದರು. ಹೆಂಗಸರು ನೇರ ಅಡುಗೆಮನೆ ಬಾಗಿಲಿಗೆ ಬಂದು ನೀರು ಕೇಳುತ್ತಿದ್ದರು. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ನಲ್ಲಿ ಹಾಕಿದ್ದರು, ಆದರೆ ಕೊನೇ ಮನೆಗಳಿಗೆ ನೀರು ಹತ್ತುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ವಾಟರ್‌ಮ್ಯಾನ್ ಹಿಂದೆ ಟಾರ್ಚ್ ಹಿಡಿದುಕೊಂಡು ವಾಲ್ವ್‌ನಿಂದ ವಾಲ್ವ್‌ಗೆ ಓಡಾಡಿದ್ದೇನೆ. ಯಾವ ಕೇರಿಗೆ ಎಷ್ಟು ಹೊತ್ತು ಅಂತ ಗೊತ್ತು ಮಾಡಿದ್ದೇ ನಾನು ಮಾಡಿದ ದೊಡ್ಡ ಕೆಲಸ. ಅದಕ್ಕೆ ಯಾರೂ ಶಂಕುಸ್ಥಾಪನೆ ಕಲ್ಲು ನೆಡುವುದಿಲ್ಲ ಬಿಡಿ. ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಅನ್ನೋ ನಿಯಮ ನನ್ನ ಕೈ ಹಿಡಿಯಿತು. ಭವನ ಕಟ್ಟಿಸಿ ಅಂದವರಿಗೆ ಸುಮ್ನೆ ಆ ಆದೇಶದ ಪ್ರತಿ ತೋರಿಸುತ್ತಿದ್ದೆ.

ಇದರಿಂದ ಮೇಲಕ್ಕೆ ಹೋಗಬಹುದಾ? ಕಷ್ಟ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸೀಟು ನಮಗೆ. ಆದರೆ 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10 ಜನ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಟಿಕೆಟ್ ಕೊಡುವಾಗ ಪಕ್ಷದವರಿಗೆ ನಮ್ಮ ನೆನಪೂ ಬರುವುದಿಲ್ಲ. ಎರಡೂವರೆ ವರ್ಷಕ್ಕೆ ಅಧ್ಯಕ್ಷ ಸ್ಥಾನದ ಮೀಸಲಾತಿ ಬದಲಾಗುತ್ತದೆ. ಕೆಲಸ ಕಲಿಯುವಷ್ಟರಲ್ಲಿ ಕುರ್ಚಿ ಬಿಡಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಚುನಾವಣೆಗೆ ನಿಲ್ಲುತ್ತಿದ್ದರೆ, ಗೆದ್ದ ಮೇಲೆ ಡೋಂಗಲ್ ಅವರ ಕೈಯಲ್ಲೇ ಇರಲಿ. ಸಭೆಯ ತೀರ್ಮಾನ ಬರೆಯುವ ನಡವಳಿ ಪುಸ್ತಕಕ್ಕೆ ಸಹಿ ಹಾಕುವಾಗ ಮೇಲೆ ಖಾಲಿ ಜಾಗ ಬಿಟ್ಟಿದ್ದರೆ ಮೊದಲು ಅಡ್ಡಗೆರೆ ಎಳೆಯಲು ಹೇಳಿ.