‘ಇವತ್ತು ಎಂತ ತೊಂದ್ರೆ?’

“ಇವಳಿಗೆ ಎಂತದ್ದೂ ಆಗುವುದಿಲ್ಲ ಮೇಡಂ. ನೀರುದೋಸೆ ಮಾಡಿದರೆ ಸಪ್ಪೆ, ಬಸಳೆ ಮಾಡಿದರೆ ಲೋಳೆ. ಫ್ಯಾನ್ ಹಾಕಿದರೆ ಚಳಿ, ಬಂದ್ ಮಾಡಿದರೆ ಸೆಕೆ.” ಆಪ್ತಸಲಹೆಗೆಂದು ನನ್ನ ಬಳಿ ಬಂದ ತಾಯಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು, ಕುರ್ಚಿ ಗಟ್ಟಿ ಎಂದು ರಾಗ ಎಳೆಯುತ್ತಿದ್ದಳು.

ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಎನ್ನೋಣ. ಅಮ್ಮ ಸೊಸೈಟಿಯಲ್ಲಿ ಕ್ಯಾಷಿಯರ್, ಅಪ್ಪ ದುಬೈಯಲ್ಲಿ, ಮನೆಯಲ್ಲಿ ಅಜ್ಜಿ. ಪುಟ್ಟಿಯ ದೂರಿಗೆ ಅಜ್ಜಿಯ ಮದ್ದು ಚಾಕೊಲೇಟು. ಅಮ್ಮನದು, “ನಾವು ಸಣ್ಣದಿರುವಾಗ ಗಂಜಿ ಉಪ್ಪಿನಕಾಯಿ ಉಂಡು ಶಾಲೆಗೆ ನಡೆದು ಹೋಗ್ತಿದ್ದೆವು.” ಒಂದರಿಂದ ದೂರಿಗೆ ಸಂಬಳ ಸಿಗುತ್ತಿತ್ತು, ಇನ್ನೊಂದರಿಂದ ಜಗಳಕ್ಕೆ ವಿಷಯ.

ಮೊದಲ ದಿನ ನಾನು ಸಲಹೆ ಕೊಡಲಿಲ್ಲ. ಒಂದು ವಾರ ಬರೆದಿಡಿ ಎಂದೆ: ಎಷ್ಟು ಗಂಟೆಗೆ, ಎಂತ ದೂರು, ಆಗ ಮನೆಯವರು ಎಂತ ಮಾಡಿದರು. ಕ್ಯಾಷಿಯರ್ ಅಲ್ವಾ, ಲೆಡ್ಜರಿನ ಹಾಗೆ ಗೆರೆ ಹಾಕಿ ತಂದರು. ನೋಡಿದರೆ ‘ದಿನವಿಡೀ’ ಎಂದಿದ್ದ ಪಿರಿಪಿರಿ ದಿನವಿಡೀ ಇರಲೇ ಇಲ್ಲ. ಸಂಜೆ ನಾಲ್ಕೂವರೆಗೆ ಶಾಲೆಯ ವ್ಯಾನು ಇಳಿದ ಮೇಲೆ ಒಂದು ರಾಶಿ, ರಾತ್ರಿ ಒಂಬತ್ತಕ್ಕೆ ಅಪ್ಪನ ವಿಡಿಯೋ ಕಾಲ್ ಬಂದಾಗ ಇನ್ನೊಂದು ರಾಶಿ. ಆದಿತ್ಯವಾರದ ಸಂಜೆ ಹೆಚ್ಚುಕಡಿಮೆ ಖಾಲಿ.

ರಾತ್ರಿಯ ಗಂಟು ಬೇಗ ಬಿಚ್ಚಿತು. ನಮಗೆ ಒಂಬತ್ತಾದರೆ ಅಲ್ಲಿ ಏಳೂವರೆ. ಅಪ್ಪ ಕೆಲಸ ಬಿಟ್ಟು ರೂಮಿಗೆ ಬಂದ ಹೊತ್ತು. ದಿನಾ ಅವರ ಮೊದಲ ಪ್ರಶ್ನೆ, “ಇವತ್ತು ಎಂತ ತೊಂದ್ರೆ ಪುಟ್ಟಿ?” ಎಂತದ್ದೂ ಇಲ್ಲ ಎಂದರೆ “ಗುಡ್ ಗರ್ಲ್, ಅಮ್ಮನಿಗೆ ಕೊಡು.” ಎರಡು ನಿಮಿಷಕ್ಕೆ ಮುಗಿಯಿತು. ವ್ಯಾನಿನಲ್ಲಿ ಯಾರೋ ಕಿಟಕಿ ಸೀಟು ಬಿಟ್ಟುಕೊಡಲಿಲ್ಲ ಎಂದರೆ ಕಾಲು ಗಂಟೆ ವಿಚಾರಣೆ. ತೊಂದರೆ ಇದ್ದ ದಿನ ಪಪ್ಪ ಹೆಚ್ಚು ಹೊತ್ತು ಸಿಗುತ್ತಾರೆ ಎಂಬ ಲೆಕ್ಕ ಆ ಮಗುವಿಗೆ ಬರುತ್ತಿತ್ತು, ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ.

ಅಪ್ಪನೊಂದಿಗೂ ಮಾತಾಡಿದೆ. “ಇಷ್ಟು ದೂರ ಕೂತು ನನ್ನಿಂದ ಆಗುವುದು ಅದೊಂದೇ ಅಲ್ವಾ ಮೇಡಂ, ತೊಂದ್ರೆ ಇದ್ರೆ ಸರಿ ಮಾಡುವುದು” ಎಂದರು. ತಪ್ಪು ಹಿಡಿಯಲು ಮನಸ್ಸಾಗಲಿಲ್ಲ. ಆ ಪ್ರಶ್ನೆ ಬಿಟ್ಟುಬಿಡಿ ಎಂದೆ. ದಿನ ಹೇಗೇ ಇರಲಿ, ಅವಳ ಹದಿನೈದು ನಿಮಿಷ ಅವಳಿಗೇ. ಮಾತನ್ನು ನಿಮ್ಮಿಂದ ಶುರು ಮಾಡಿ. ಅನ್ನ ಸೀದುಹೋದದ್ದಾದರೂ ಸರಿ.

ಸಂಜೆಯದ್ದರಲ್ಲಿ ನಾನೇ ಎಡವಿದ್ದೆ. ಮೊದಲ ದಿನದ ಟಿಪ್ಪಣಿಯಲ್ಲಿ ‘ಗಮನ ಸೆಳೆಯಲು’ ಎಂದು ಬರೆದಿದ್ದೆ. ಆ ಮಾತು ಬರೆದ ಮೇಲೆ ಮತ್ತೆ ಕಿವಿಗೊಡುವ ಕೆಲಸವಿರುವುದಿಲ್ಲ, ಅದೇ ಅದರ ಅಪಾಯ. ತಾಯಿ ಬರೆದಿಟ್ಟ ಪುಸ್ತಕದಲ್ಲಿ ಶಾಲೆ ಇದ್ದ ದಿನಗಳಲ್ಲೆಲ್ಲ ‘ಹೊಟ್ಟೆ ನೋವು’ ಎಂದಿತ್ತು, ಬದಿಯಲ್ಲಿ ‘ಬಾಟಲಿ ನೀರು ಹಾಗೇ ವಾಪಸ್’. ಪುಟ್ಟಿಗೆ ಚಿತ್ರ ಬಿಡಿಸಲು ಕೊಟ್ಟು, ಅವಳೊಬ್ಬಳೇ ಇರುವಾಗ ಕೇಳಿದೆ. ಶಾಲೆಯ ಟಾಯ್ಲೆಟ್ಟಿನ ಚಿಲಕ ಹಾಳಾಗಿದೆ, ಹೊರಗಿನಿಂದ ಮಕ್ಕಳು ಬಾಗಿಲು ದೂಡುತ್ತಾರೆ. ಹಾಗಾಗಿ ನೀರು ಕುಡಿಯುವುದಿಲ್ಲ, ಹೋಗುವುದೂ ಇಲ್ಲ. ಬೇರೆ ಯಾರಾದರೂ ಹೆದರಿಸಿದ್ದಾರಾ, ಮುಟ್ಟಿದ್ದಾರಾ ಎಂದೂ ಕೇಳಿದೆ, ಅಂಥದ್ದಿರಲಿಲ್ಲ. ಇದ್ದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಂದೇ ಕರೆ ಹೋಗುತ್ತಿತ್ತು.

ಮಕ್ಕಳ ಡಾಕ್ಟರು ನೋಡಿ ಮಲಬದ್ಧತೆ ಎಂದರು. ದಿನವಿಡೀ ನೀರಿಲ್ಲದೆ, ತಡೆದುಕೊಂಡು, ಹಸಿದು ಬರುವ ಮಗು ನಾಲ್ಕೂವರೆಗೆ ನಗುತ್ತಾ ಇಳಿಯಬೇಕೆಂದರೆ ಹೇಗೆ? ತಾಯಿ ಅತ್ತರು. “ಚಿಲಕದ ವಿಷಯ ಹೇಳಿದ್ದಳು ಮೇಡಂ, ಎರಡು ಸಲ. ಅದೂ ಒಂದು ರಗಳೆ ಅಂತ ಕಂಡಿತು.”

ಆಮೇಲಿನ ಸಲಹೆಗಳು ಸಣ್ಣವು. ವ್ಯಾನು ಇಳಿದ ಕೂಡಲೇ ನೀರು, ಅವಲಕ್ಕಿಯೋ ಬಾಳೆಹಣ್ಣೋ; ಅರ್ಧ ಗಂಟೆ ಪ್ರಶ್ನೆ ಬೇಡ. ದೂರು ಬಂದರೆ “ಸೆಕೆ ಆಗ್ತಾ ಉಂಟು ಅಲ್ವಾ” ಎಂಬಷ್ಟೇ ಮಾತು, ನಂತರ “ನಾನು ಕೇಳಿದರೆ ಸಾಕಾ, ಸರಿ ಮಾಡಬೇಕಾ?” ಎಂಬ ಪ್ರಶ್ನೆ. ಹೆಚ್ಚಿನ ಸಲ “ಕೇಳಿದರೆ ಸಾಕು” ಎಂದಳಂತೆ ಪುಟ್ಟಿ. ನಾಳೆಯ ಪದಾರ್ಥ ಯಾವುದೆಂದು ಹಿಂದಿನ ರಾತ್ರಿ ಎರಡರಲ್ಲಿ ಒಂದನ್ನು ಅವಳೇ ಆರಿಸಲಿ. ಬಡಿಸಿದ ಮೇಲೆ ಬೇರೆ ಅಡಿಗೆ ಇಲ್ಲ. ನೋವು, ಹೆದರಿಕೆ ಎಂದು ಬಂದದ್ದು ಮಾತ್ರ ರಗಳೆಯ ಲೆಕ್ಕಕ್ಕೆ ಸೇರುವುದಿಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಬೇಕು.

ಶುರುವಿನಲ್ಲಿ ರಾಗ ಹೆಚ್ಚಾಗುತ್ತದೆ ಎಂದು ಎಚ್ಚರಿಸಿದ್ದೆ. ಬಾಗಿಲು ತೆರೆಯದಿದ್ದರೆ ನಾವೂ ಜೋರಾಗಿ ಬಡಿಯುತ್ತೇವಲ್ಲ. ಆದರೂ ನಾಲ್ಕನೇ ದಿನ ಫೋನು ಬಂತು, “ಜಾಸ್ತಿ ಆಯ್ತು ಮೇಡಂ!” ಅಜ್ಜಿ ಎರಡು ಸಲ ಗುಟ್ಟಾಗಿ ಚಾಕೊಲೇಟು ಕೊಟ್ಟಿದ್ದರು. ಕ್ಲಾಸ್ ಟೀಚರಿಗೆ ಎರಡು ಸಲ ನೆನಪಿಸಿದ ಮೇಲೆ ಚಿಲಕ ಬಂತು.

ಮೂರನೇ ತಿಂಗಳು ತಾಯಿ ಒಬ್ಬರೇ ಬಂದರು. ತೆಂಗಿನಗರಿ ರಾಶಿಯಡಿ ಬೆಕ್ಕು ಮರಿ ಹಾಕಿದೆಯಂತೆ, ಪುಟ್ಟಿ ದಿನಾ ಅಪ್ಪನಿಗೆ ಅದರದ್ದೇ ವರದಿ. “ಫೋನು ನನ್ನ ಕೈಗೆ ಬರುವುದೇ ಇಲ್ಲ ಈಗ” ಎಂದು ಅವರು ರಾಗ ಎಳೆದರು. ಬಸಳೆ ಮಾತ್ರ ಪುಟ್ಟಿಗೆ ಇನ್ನೂ ಆಗುವುದಿಲ್ಲ.