ಷಷ್ಠಿ ಎರಡು ಸಲ ಏಕೆ?

ಪ್ರಶ್ನೆ: ‘ಎ ಫೋಟೋ ಆಫ್ ಮೈ ಫಾದರ್’ ಎಂದು ನಾನು ಬರೆದಿದ್ದೆ. ಪುಸ್ತಕವೊಂದರಲ್ಲಿ ‘ಎ ಫೋಟೋ ಆಫ್ ಮೈ ಫಾದರ್ಸ್’ ಎಂದಿತ್ತು. ‘ಆಫ್’ ಆಗಲಿ ‘ಅಪಾಸ್ಟ್ರಫಿ ಎಸ್’ ಆಗಲಿ ಷಷ್ಠಿಯನ್ನೇ ಸೂಚಿಸುವುದರಿಂದ ಎರಡನ್ನೂ ಸೇರಿಸುವುದು ತಪ್ಪಲ್ಲವೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಸರಿಯಾದ ಪ್ರಯೋಗಗಳೇ; ಆದರೆ ಅರ್ಥ ಬೇರೆ. ನೀವು ಬರೆದದ್ದರಲ್ಲಿ ಚಿತ್ರದೊಳಗಿರುವವರು ನಿಮ್ಮ ತಂದೆ. ಪುಸ್ತಕದ ವಾಕ್ಯದಲ್ಲಿರುವುದು ತಂದೆಯವರು ತೆಗೆದ ಅಥವಾ ಅವರ ಬಳಿಯಿರುವ ಫೋಟೋಗಳಲ್ಲಿ ಒಂದು. ಅದರಲ್ಲಿ ಕಾಣುವುದು ಜೋಗದ ಜಲಪಾತವೂ ಆಗಿರಬಹುದು. ಕನ್ನಡದ ‘ತಂದೆಯ ಫೋಟೋ’ ಈ ಮೂರು ಅರ್ಥಗಳಿಗೂ ಸಲ್ಲುತ್ತದೆ. ಬೇರ್ಪಡಿಸಬೇಕಾದಾಗ ‘ತಂದೆ ತೆಗೆದ’, ‘ತಂದೆಯ ಬಳಿಯಿರುವ’ ಎಂದು ಬಿಡಿಸಿ ಹೇಳುತ್ತೇವೆ. ಇಂಗ್ಲಿಷಿನ ‘ಮೈ ಫಾದರ್ಸ್ ಫೋಟೋ’ ಕೂಡ ಅಷ್ಟೇ ಸಂದಿಗ್ಧವಾದದ್ದು.

ನಮಗೆ ಹತ್ತಿರದ ಇನ್ನೊಂದು ಉದಾಹರಣೆ ನೋಡಿ. ‘ಎ ಸ್ಟೂಡೆಂಟ್ ಆಫ್ ಕೇಶಿರಾಜ’ ಎಂದರೆ ಶಬ್ದಮಣಿದರ್ಪಣವನ್ನು ಅಭ್ಯಾಸ ಮಾಡುವ ಇಂದಿನ ವಿದ್ಯಾರ್ಥಿಯೂ ಆಗಬಹುದು. ‘ಕೇಶಿರಾಜಾಸ್’ ಎಂದು ಮುಗಿಸಿದರೆ ಹದಿಮೂರನೆಯ ಶತಮಾನದಲ್ಲಿ ಆ ವೈಯಾಕರಣನ ಎದುರು ಕುಳಿತು ಕಲಿತ ಶಿಷ್ಯನೇ ಆಗಬೇಕು. ಒಂದೇ ಒಂದು ಸಕಾರ ಏಳು ಶತಮಾನಗಳ ಅಂತರವನ್ನು ತೋರಿಸುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈ ರಚನೆ ಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ‘ನನ್ನ ಒಬ್ಬ ಸ್ನೇಹಿತ’ ಎನ್ನಲು ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ‘ಮೈ’ ಮತ್ತು ‘ಎ’ ಒಂದೇ ನಾಮಪದದ ಮುಂದೆ ಒಟ್ಟಿಗೆ ನಿಲ್ಲಲಾರವು. ಆದ್ದರಿಂದ, ಕೇಳುವವರಿಗೆ ಪರಿಚಯವಿಲ್ಲದ ಒಬ್ಬ ಸ್ನೇಹಿತನ ಮಾತನ್ನು ಮೊದಲ ಸಲ ಎತ್ತುವಾಗ ‘ಎ ಫ್ರೆಂಡ್ ಆಫ್ ಮೈನ್’ ಎನ್ನುತ್ತಾರೆ. ‘ಆಫ್ ಮಿ’ ಎನ್ನುವುದಿಲ್ಲ. ನಮ್ಮಲ್ಲಿ ಅನೇಕರು ಹೇಳುವ ‘ಮೈ ಒನ್ ಫ್ರೆಂಡ್’ ಕನ್ನಡದ ಜಾಡಿನಲ್ಲಿ ಹುಟ್ಟಿದ್ದು. ಅದನ್ನು ಬಿಡುವುದು ಒಳ್ಳೆಯದು. ಫೋಟೋ ವಿಷಯದಲ್ಲಿ ಮಾತ್ರ ‘ಆಫ್ ಮಿ’, ‘ಆಫ್ ಮೈನ್’ ಎರಡೂ ಉಂಟು: ಮೊದಲನೆಯದರಲ್ಲಿ ನಾನಿದ್ದೇನೆ, ಎರಡನೆಯದು ನನ್ನದು.

‘ಎ ಫ್ರೆಂಡ್ ಆಫ್ ಮೈ ಫಾದರ್’ ಎಂಬಲ್ಲಿ ‘ಫಾದರ್ಸ್’ ಎಂದರೂ ಅರ್ಥ ಹೆಚ್ಚು ಬದಲಾಗದು. ನಿರ್ಜೀವ ವಸ್ತುಗಳಿಗೆ ಈ ಇಮ್ಮಡಿ ಷಷ್ಠಿ ಒಗ್ಗುವುದಿಲ್ಲ. ಮೇಜಿನ ಕಾಲು ‘ಎ ಲೆಗ್ ಆಫ್ ದ ಟೇಬಲ್’ ಮಾತ್ರ. ನಿಮ್ಮ ಮನಸ್ಸಿನಲ್ಲಿದ್ದದ್ದು ತಂದೆಯವರ ಮುಖವಿರುವ ಫೋಟೋ ಆಗಿದ್ದರೆ, ನೀವು ಬರೆದುದನ್ನು ತಿದ್ದಬೇಡಿ.