ಸಣ್ಣ ಫೀಸು ಯಾರನ್ನು ತಡೆಯುತ್ತದೆ?

ಚಿಕಿತ್ಸೆ ಪೂರ್ತಿ ಉಚಿತ ಮಾಡಿದರೆ ಜನ ಸಣ್ಣಪುಟ್ಟದ್ದಕ್ಕೂ ಬಂದು ಸಾಲು ನಿಲ್ಲುತ್ತಾರೆ, ಬಡವ ಶ್ರೀಮಂತ ಅನ್ನದೆ ಎಲ್ಲರಿಗೂ ಒಂದು ಸಣ್ಣ ಫೀಸು ಇಟ್ಟರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಫೀಸು ಇಟ್ಟರೆ ಬರುವವರು ಕಮ್ಮಿ ಆಗುವುದು ನಿಜ. ಆದರೆ ಯಾರು ಕಮ್ಮಿ ಆಗುತ್ತಾರೆ? ಅಮೆರಿಕದಲ್ಲಿ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಕೆಲವು ಕುಟುಂಬಗಳಿಗೆ ಚಿಕಿತ್ಸೆ ಉಚಿತ, ಉಳಿದವರು ಖರ್ಚಿನಲ್ಲಿ ಒಂದು ಪಾಲು ಕೊಡಬೇಕಿತ್ತು. ಪಾಲು ಕೊಡುವವರು ಡಾಕ್ಟರ ಹತ್ತಿರ ಹೋಗುವುದನ್ನು ಕಮ್ಮಿ ಮಾಡಿದರು, ಸರಿ, ಆದರೆ ಬೇಡದ ಚಿಕಿತ್ಸೆ ಬಿಟ್ಟಷ್ಟೇ ಬೇಕಾದ ಚಿಕಿತ್ಸೆಯನ್ನೂ ಬಿಟ್ಟರು. ಸರಾಸರಿ ತೆಗೆದರೆ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ (ಇದು ನಿಮ್ಮ ವಾದಕ್ಕೇ ಬಲ, ಒಪ್ಪುತ್ತೇನೆ). ಬಿಪಿ ಇದ್ದ ಬಡವರಲ್ಲಿ ಮಾತ್ರ ಹಾಗಲ್ಲ. ಉಚಿತವಾಗಿ ತೋರಿಸಿಕೊಂಡವರ ಬಿಪಿ ಚೆನ್ನಾಗಿ ಹತೋಟಿಗೆ ಬಂತು.

ಎದೆ ಉರಿ ಬರೀ ಗ್ಯಾಸೋ ಹೃದಯದ್ದೋ ಅಂತ ಮನೆಯಲ್ಲಿ ಕೂತು ಹೇಗೆ ಹೇಳುವುದು? ಅದನ್ನು ತಿಳಿಯೋಕೇ ಅಲ್ವಾ ಡಾಕ್ಟರ ಹತ್ತಿರ ಹೋಗುವುದು. ನಾನೇ ಒಂದು ಹಲ್ಲುನೋವನ್ನು ದುಡ್ಡಿನ ಲೆಕ್ಕ ಹಾಕುತ್ತಾ ತಿಂಗಳುಗಟ್ಟಲೆ ಮುಂದೂಡಿದೆ. ಫಿಲ್ಲಿಂಗಿನಲ್ಲಿ ಮುಗಿಯುತ್ತಿದ್ದದ್ದು ರೂಟ್ ಕೆನಾಲ್ ಆಯಿತು. ನನಗೆ ಸಂಬಳ ಇದೆ, ಹೇಗೋ ಕಟ್ಟಿದೆ. ದಿನಗೂಲಿಯವರಿಗೆ ಫೀಸಿನ ಜೊತೆ ಆ ದಿನದ ಕೂಲಿಯೂ ಹೋಗುತ್ತದೆ.

ಇನ್ನೊಂದು ವಿಷಯ. ಮನೆಖರ್ಚಿನ 10%ಗಿಂತ ಜಾಸ್ತಿ ಚಿಕಿತ್ಸೆಗೆ ಹೋದರೆ ಅದು ಮಿತಿಮೀರಿದ ಹೊರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಲೆಕ್ಕ ಹಾಕುತ್ತಿತ್ತು. ದುಡ್ಡಿಲ್ಲ ಅಂತ ಆಸ್ಪತ್ರೆಗೇ ಹೋಗದವನ ಖರ್ಚು ಸೊನ್ನೆ. ಆ ಲೆಕ್ಕದಲ್ಲಿ ಅವನಿಗೆ ತೊಂದರೆಯೇ ಇಲ್ಲ!

ಹಾಗಂತ ಫೀಸು ಎಲ್ಲೂ ಬೇಡ ಅಂತಲ್ಲ. ಥಾಯ್ಲೆಂಡ್ 2002ರಲ್ಲಿ ದೇಶವಿಡೀ ಜಾರಿ ಮಾಡಿದ ಯೋಜನೆಯಲ್ಲಿ ಒಂದು ಭೇಟಿಗೆ 30 ಬಾತ್ (ಅಲ್ಲಿನ ಹಣ) ಫೀಸು ಇತ್ತು, ಆದರೆ ಬಡವರಿಗೆ ಅದೂ ಇರಲಿಲ್ಲ, ಉಳಿದ ಖರ್ಚೆಲ್ಲ ತೆರಿಗೆ ದುಡ್ಡಿನಿಂದ. ಜಪಾನಿನಲ್ಲಿ ಬಹುತೇಕರು ಬಿಲ್ಲಿನ 30% ಕೈಯಿಂದ ಕೊಡುತ್ತಾರೆ, ಆದರೆ ತಿಂಗಳಿಗೆ ಇಷ್ಟೇ ಅಂತ ಮಿತಿ ಇದೆ, ಆದಾಯ ಕಮ್ಮಿ ಇದ್ದರೆ ಮಿತಿಯೂ ಕಮ್ಮಿ. ನನಗೆ ಇದು ಹಿಡಿಸುತ್ತದೆ, ಯಾಕೆಂದರೆ ಬಡವರ ಪಟ್ಟಿಗೂ ಸೇರದೆ ದೊಡ್ಡ ಬಿಲ್ಲನ್ನೂ ಕಟ್ಟಲಾಗದೆ ಮಧ್ಯದಲ್ಲಿ ಸಿಕ್ಕಿಕೊಳ್ಳುವವರನ್ನೂ ಅದು ಕಾಯುತ್ತದೆ.

ಫೀಸು ಇಡಲೇಬೇಕು ಅಂದರೆ ಪ್ರತ್ಯೇಕ ರೂಮಿಗೆ ಇಡಿ. ಮೊದಲ ಭೇಟಿಗೆ, ಬಿಪಿ ಶುಗರ್ ಮಾತ್ರೆಗೆ ಬೇಡ.